ಹೊಂಬಣ್ಣಕ್ಕೆ ಬರುವವರೆಗೆ

ಅಡುಗೆಯ ಮೇಲೆ ಪ್ರೀತಿ ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಬಹಳಷ್ಟು ಮಂದಿ ಬಾಲ್ಯಕ್ಕೆ ಹೋಗುತ್ತಾರೆ. ಅಜ್ಜಿಯ ಪಕ್ಕದಲ್ಲಿ ಒಲೆಯ ಮುಂದೆ ಕೂತ ಸಂಜೆಗಳು, ಕದ್ದು ತಿಂದ ಹಿಟ್ಟಿನ ಉಂಡೆ, ಮನೆತುಂಬ ಹರಡಿದ ಘಮ, ಇಂಥವು ಅವರ ನೆನಪಿನಲ್ಲಿರುತ್ತವೆ. ಹೇಳಿಕೊಳ್ಳಲು ನನ್ನಲ್ಲಿ ಅಂಥದ್ದೇನೂ ಇಲ್ಲ. 23ನೆಯ ವಯಸ್ಸಿನವರೆಗೆ ಅಡುಗೆಮನೆಯೆಂದರೆ ನನಗೆ ನೀರು ಕುಡಿಯಲು ಹೋಗಿಬರುವ ಜಾಗವಷ್ಟೇ ಆಗಿತ್ತು. ಆಮೇಲೆ ಒಂದು ಬಾಡಿಗೆ ಕೋಣೆ, ಒಂದೇ ಉರಿಯ ಒಲೆ, ಒಂದು ಬಾಣಲೆ, ಒಂದು ಪಾತ್ರೆ ಮತ್ತು ಮೊಂಡಾದ ಒಂದು ಚಾಕು ನನ್ನ ಪಾಲಿಗೆ ಬಂದವು. ಹೊರಗೆ ತಿಂದು ತಿಂದು ಬೇಸತ್ತಿದ್ದರಿಂದಲೂ, ತಿಂಗಳ ಕೊನೆಯ ವಾರದಲ್ಲಿ ಕೈ ಬರಿದಾಗುತ್ತಿದ್ದರಿಂದಲೂ ನಾನು ಒಲೆ ಹಚ್ಚಿದೆನೇ ಹೊರತು ಆಸೆಯಿಂದಲ್ಲ. ಮೊದಲ ಮೂರು ತಿಂಗಳು ಆ ಕೆಲಸವನ್ನು ಶಪಿಸುತ್ತಲೇ ಮಾಡಿದೆ. ಶಾಪ ಹಾಕುತ್ತ ಶುರುಮಾಡಿದ ಕೆಲಸ ಯಾವ ಘಟ್ಟದಲ್ಲಿ ಬೇರೆಯಾಯಿತು ಎಂಬುದನ್ನು ಮಾತ್ರ ಇಂದು ನಿಮಗೆ ಹೇಳಬೇಕೆಂದಿದ್ದೇನೆ, ಏಕೆಂದರೆ ನಿಮ್ಮಲ್ಲಿ ಹೆಚ್ಚಿನವರು ಇದೀಗ ಸ್ವಂತ ಒಲೆ ಹಚ್ಚಲು ಹೊರಟವರು.

ನನ್ನ ಮಟ್ಟಿಗೆ ಆ ಘಟ್ಟ ಒಂದು ಈರುಳ್ಳಿಯಿಂದ ಬಂತು. ನಾನು ಅನುಸರಿಸುತ್ತಿದ್ದ ಪ್ರತಿಯೊಂದು ಪಾಕವಿಧಾನವೂ ಹೆಚ್ಚುಕಡಿಮೆ ಒಂದೇ ವಾಕ್ಯದಿಂದ ಶುರುವಾಗುತ್ತಿತ್ತು: ಹೆಚ್ಚಿದ ಈರುಳ್ಳಿಯನ್ನು ಹೊಂಬಣ್ಣಕ್ಕೆ ಬರುವವರೆಗೆ ಐದು ನಿಮಿಷ ಹುರಿಯಿರಿ. ನನ್ನ ಈರುಳ್ಳಿ ಐದು ನಿಮಿಷಕ್ಕೆ ಹೊಂಬಣ್ಣಕ್ಕೆ ಬರುತ್ತಲೇ ಇರಲಿಲ್ಲ. ಬಿಳಿಚಿಕೊಂಡು, ಬೆವರಿ, ಬಾಣಲೆಯ ತಳದಲ್ಲಿ ಮುದುಡಿ ಕೂತಿರುತ್ತಿತ್ತು. ಆರನೆಯ ನಿಮಿಷಕ್ಕೆ ನನ್ನ ತಾಳ್ಮೆ ತಪ್ಪಿ ಉರಿ ಹೆಚ್ಚಿಸುತ್ತಿದ್ದೆ, ಅಂಚುಗಳು ಕರಕಲಾಗುತ್ತಿದ್ದವು, ನಡುಭಾಗ ಹಸಿಯಾಗಿಯೇ ಉಳಿಯುತ್ತಿತ್ತು, ಆ ಕರಕಲಿನ ಕಹಿ ಊಟದ ಕೊನೆಯ ತುತ್ತಿನವರೆಗೂ ಬೆನ್ನು ಬಿಡುತ್ತಿರಲಿಲ್ಲ. ನನಗೆ ಕೈಗುಣವಿಲ್ಲ ಎಂದೇ ನಂಬಿದೆ. ಕೈಗುಣ ಎನ್ನುವ ಮಾತು ಅಡುಗೆ ಬಲ್ಲವರಿಗೆ ಹೊಗಳಿಕೆಯಂತೆ ಕೇಳಿಸುತ್ತದೆ, ಕಲಿಯಲು ಬಂದವರ ಮುಖಕ್ಕೆ ಮಾತ್ರ ಬಾಗಿಲು ಹಾಕುತ್ತದೆ.

ಒಂದು ಭಾನುವಾರ ಮಾಡಲು ಬೇರೆ ಕೆಲಸವಿರಲಿಲ್ಲ. ಅರ್ಧ ಕಿಲೋ ಈರುಳ್ಳಿಯನ್ನು ಹೆಚ್ಚಿ, ಸ್ವಲ್ಪ ಎಣ್ಣೆಯೊಂದಿಗೆ ಬಾಣಲೆಗೆ ಹಾಕಿ, ಉರಿಯನ್ನು ಸಣ್ಣಗಿಟ್ಟು, ಎಷ್ಟು ಹೊತ್ತಾಗುತ್ತದೋ ಆಗಲಿ ಎಂದು ಗಡಿಯಾರ ನೋಡುತ್ತ ನಿಂತೆ. ನಾಲ್ಕನೆಯ ನಿಮಿಷಕ್ಕೆ ಹೋಳುಗಳು ಮೆತ್ತಗಾದವು. ಹತ್ತನೆಯ ನಿಮಿಷಕ್ಕೆ ಗಾಜಿನಂತೆ ಪಾರದರ್ಶಕವಾದವು, ತಳದಲ್ಲಿ ನೀರು ಕಾಣಿಸಿತು. ಇಪ್ಪತ್ತನೆಯ ನಿಮಿಷದವರೆಗೂ ಬಣ್ಣದ ಸುಳಿವಿಲ್ಲ. ಮೂವತ್ತರ ಹೊತ್ತಿಗೆ ಎಲ್ಲೋ ಒಂದೆರಡು ಎಳೆಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದವು. ಅಲ್ಲಿಂದ ಮುಂದಿನದು ನನ್ನ ಕಣ್ಣೆದುರೇ ಬೇಗಬೇಗ ನಡೆಯಿತು: ಹುಲ್ಲಿನ ಬಣ್ಣ ಜೇನಿನ ಬಣ್ಣವಾಯಿತು, ಜೇನು ತಾಮ್ರವಾಯಿತು, ಕೋಣೆಯ ವಾಸನೆಯೇ ಬದಲಾಯಿತು. ಕೈಯಲ್ಲಿದ್ದ ಅರ್ಧ ಕಿಲೋ ಒಂದು ಸಣ್ಣ ಬಟ್ಟಲಿಗಿಳಿದಿತ್ತು. ಗಡಿಯಾರ ಐವತ್ತು ನಿಮಿಷ ತೋರಿಸುತ್ತಿತ್ತು. ತಪ್ಪಿದ್ದದ್ದು ನನ್ನ ಕೈಯಲ್ಲ, ಆ ವಾಕ್ಯವೇ ತಪ್ಪಾಗಿತ್ತು ಎಂದು ಅರಿವಾದಾಗ ಆದ ಸಂತೋಷದಲ್ಲಿ ಒಂದಿಷ್ಟು ಸೇಡಿನ ಸವಿಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಏಕೆ ಹಾಗಾಯಿತು ಎಂದು ಹುಡುಕಿಕೊಂಡು ಹೋದದ್ದು ಆಮೇಲೆ. ಈರುಳ್ಳಿಯ ತೂಕದಲ್ಲಿ ಶೇಕಡಾ 89ರಷ್ಟು ನೀರೇ ಇರುತ್ತದೆ. ಅಂದರೆ ನನ್ನ ಅರ್ಧ ಕಿಲೋದಲ್ಲಿ ಸುಮಾರು 440 ಗ್ರಾಂ ನೀರಿತ್ತು. ನೀರು ಇರುವಷ್ಟು ಹೊತ್ತೂ ಹೋಳುಗಳ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಒಲೆ ಕೊಡುವ ಶಾಖವೆಲ್ಲ ಆ ನೀರನ್ನು ಆವಿಯಾಗಿಸುವುದಕ್ಕೇ ಖರ್ಚಾಗುತ್ತದೆ. ಸೊನ್ನೆ ಡಿಗ್ರಿಯ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಎಷ್ಟು ಶಾಖ ಬೇಕೋ ಅದರ ಐದು ಪಟ್ಟಿಗೂ ಹೆಚ್ಚು ಶಾಖ ಅಷ್ಟೇ ನೀರನ್ನು ಕುದಿಸಿ ಪೂರ್ತಿ ಆವಿ ಮಾಡಲು ಬೇಕು. ಬಣ್ಣ ತರುವ ಕ್ರಿಯೆಯೋ ಚುರುಕಾಗುವುದು 140 ಡಿಗ್ರಿಯ ಆಸುಪಾಸಿನಲ್ಲಿ. ಸಕ್ಕರೆಯ ಅಣುಗಳೂ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳೂ ಬಿಸಿಯಲ್ಲಿ ಕೂಡಿ ಕಂದು ಬಣ್ಣವನ್ನೂ ನೂರಾರು ಬಗೆಯ ಪರಿಮಳಗಳನ್ನೂ ಹುಟ್ಟಿಸುವ ಈ ಕ್ರಿಯೆಯನ್ನು ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮೇಯಾರ್ 1912ರಲ್ಲಿ ವಿವರಿಸಿದರು. ಅವರು ಅಡುಗೆಗಾಗಿ ಅದನ್ನು ಹುಡುಕಿದವರಲ್ಲ. ಅದರ ಹಂತಗಳನ್ನು ಅಮೆರಿಕದ ರಸಾಯನಶಾಸ್ತ್ರಜ್ಞ ಜಾನ್ ಹಾಜ್ ಕ್ರಮವಾಗಿ ಜೋಡಿಸಿಕೊಟ್ಟದ್ದು 1953ರಲ್ಲಿ. ಬ್ರೆಡ್ಡಿನ ಹೊರಪದರ, ಹುರಿದ ಕಾಫಿಬೀಜ, ಹುರಿದ ಕಡಲೆಕಾಯಿ, ಎಲ್ಲದರ ಘಮದ ಹಿಂದೆಯೂ ಇದೇ ಕ್ರಿಯೆ ಇದೆ. ಈಗ ಆ ಐದು ನಿಮಿಷದ ವಾಕ್ಯವನ್ನು ಮತ್ತೆ ನೆನಪಿಸಿಕೊಳ್ಳಿ. ನೀರು ಹೋಗದೆ ಬಣ್ಣ ಬಾರದು, ಐದು ನಿಮಿಷದಲ್ಲಿ ಅಷ್ಟು ನೀರು ಹೋಗದು.

ಅಂದು ನಾನು ಕಲಿತದ್ದರಲ್ಲಿ ರಸಾಯನಶಾಸ್ತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಸದ್ದು. ಬಾಣಲೆಯಲ್ಲಿ ನೀರಿರುವಾಗ ಒಂದು ದಪ್ಪನೆಯ, ಎಡೆಬಿಡದ ಸಿಡಿತ ಕೇಳುತ್ತಿರುತ್ತದೆ. ನೀರು ಮುಗಿಯುತ್ತ ಬಂದಂತೆ ಅದು ತೆಳ್ಳಗಾಗಿ, ಬಿಡಿಬಿಡಿಯಾಗಿ, ಕೊನೆಗೆ ಪಿಸುಮಾತಿನಷ್ಟಾಗುತ್ತದೆ. ಸದ್ದು ಇಳಿದಾಗ ಒಲೆಯ ಬಳಿ ಇರಬೇಕು, ಅದಕ್ಕೆ ಮುಂಚೆ ಬೇರೆ ಕೆಲಸ ನೋಡಿಕೊಳ್ಳಬಹುದು.

ಕನ್ನಡದಲ್ಲಿ ಇದಕ್ಕೆ ಒಂದು ಮಾತಿದೆ: ಹದ. ನೆಲವನ್ನು ಹದ ಮಾಡುತ್ತೇವೆ, ಚರ್ಮವನ್ನು ಹದ ಮಾಡುತ್ತೇವೆ, ಕಬ್ಬಿಣಕ್ಕೆ ಹದ ಕೊಡುತ್ತೇವೆ, ಮಳೆ ಹದವಾಗಿ ಬಿತ್ತು ಎನ್ನುತ್ತೇವೆ. ಈ ಎಲ್ಲ ಕಡೆಯೂ ಹದವೆಂದರೆ ಒಂದು ಅಂಕಿಯಲ್ಲ; ಒಂದು ವಸ್ತು ತನ್ನ ಮುಂದಿನ ಸ್ಥಿತಿಗೆ ಸಿದ್ಧವಾದ ಗಳಿಗೆ, ಮತ್ತು ಅದನ್ನು ಗುರುತಿಸುವ ಕಣ್ಣು, ಕಿವಿ, ಬೆರಳು. ಪಾಕವಿಧಾನ ಬರೆಯುವವರು ನಿಮಿಷ, ಚಮಚ, ಲೋಟಗಳನ್ನು ಕೊಡಬಲ್ಲರು, ಹದವನ್ನು ಕೊಡಲಾರರು, ಏಕೆಂದರೆ ಅವರ ಬಾಣಲೆಯ ದಪ್ಪ, ಅವರ ಒಲೆಯ ಉರಿ, ಅವರ ತರಕಾರಿಯ ವಯಸ್ಸು ನಮ್ಮದಲ್ಲ. ಐದು ನಿಮಿಷ ಎಂದು ಬರೆದವರನ್ನು ನಾನು ಇಂದು ಬಯ್ಯುವುದಿಲ್ಲ. ಐವತ್ತು ನಿಮಿಷ ಎಂದು ಬರೆದಿದ್ದರೆ ಓದುಗರಲ್ಲಿ ಅರ್ಧದಷ್ಟು ಜನ ಪುಟ ತಿರುವಿಬಿಡುತ್ತಿದ್ದರು. ಆದರೆ ಅಂಕಿಯನ್ನು ನಂಬಿ ಹದವನ್ನು ನೋಡದೆ ಹೋದರೆ ಏನಾಗುತ್ತದೆಂದು ಹೊಸಬರಿಗೆ ಯಾರಾದರೂ ಒಮ್ಮೆ ಹೇಳಬೇಕು.

ಹೊಸಬರನ್ನು ಅತಿಯಾಗಿ ಹೆದರಿಸುವ ಮಾತು ಬಹುಶಃ ‘ರುಚಿಗೆ ತಕ್ಕಷ್ಟು ಉಪ್ಪು’ ಎಂಬುದು. ಯಾರ ರುಚಿಗೆ, ಎಷ್ಟು ತಕ್ಕಷ್ಟು? ಇದನ್ನು ಕಲಿಯಲು ನಾನು ಮಾಡಿದ್ದನ್ನು ನೀವೂ ಮಾಡಬಹುದು. ಉಪ್ಪಿಲ್ಲದೆ ಬೇಯಿಸಿದ ತರಕಾರಿಯ ನೀರನ್ನು ನಾಲ್ಕು ಲೋಟಗಳಿಗೆ ಹಂಚಿ, ಮೊದಲನೆಯದನ್ನು ಹಾಗೇ ಬಿಟ್ಟು, ಉಳಿದವುಗಳಿಗೆ ಚಿಟಿಕೆಯ ಲೆಕ್ಕದಲ್ಲಿ ಒಂದು, ಎರಡು, ಮೂರು ಎಂದು ಉಪ್ಪು ಹಾಕಿ ಸಾಲಾಗಿ ಕುಡಿದು ನೋಡಿ. ಮೊದಲನೆಯದು ಬರಿಯ ಬಿಸಿನೀರಿನಂತೆ ಇರುತ್ತದೆ. ನಡುವಿನ ಒಂದು ಲೋಟದಲ್ಲಿ ಉಪ್ಪಿನ ರುಚಿ ಬರುವುದಕ್ಕಿಂತ ಮುಂಚೆ ಕ್ಯಾರೆಟ್ಟಿನ ರುಚಿ ಬರುತ್ತದೆ. ಕೊನೆಯದರಲ್ಲಿ ಉಪ್ಪು ಬಿಟ್ಟು ಬೇರೇನೂ ಉಳಿದಿರುವುದಿಲ್ಲ. ಉಪ್ಪಿನ ಹದ ಆ ನಡುವಿನ ಲೋಟ. ಉಪ್ಪು ಕಹಿಯನ್ನು ಅದುಮಿ ಸಿಹಿಗೆ ದಾರಿ ಬಿಡುತ್ತದೆ ಎಂಬುದನ್ನು 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಕಹಿಯಾದ ಕಪ್ಪು ಕಾಫಿಗೆ ಕಾಣದಷ್ಟು ಉಪ್ಪು ಬೆರೆಸಿ ಕುಡಿದವರಿಗೆ ಅದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಇನ್ನೊಂದು ಮಾತು: ಎರಡು ಲೀಟರ್ ಇರುವಾಗ ಸರಿಯಾಗಿ ಉಪ್ಪು ಹಾಕಿದ್ದನ್ನು ಒಂದು ಲೀಟರಿಗೆ ಇಳಿಯುವವರೆಗೆ ಕುದಿಸಿದರೆ ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ, ಉಪ್ಪಿನ ಅಂಶ ಎರಡರಷ್ಟಾಗುತ್ತದೆ. ಆಗ ಆಲೂಗೆಡ್ಡೆ ಹಾಕಿದರೆ ಅದು ಉಪ್ಪನ್ನು ಹೀರಿಕೊಳ್ಳುತ್ತದೆ ಎನ್ನುವವರನ್ನು ನಂಬಬೇಡಿ. ಆಲೂಗೆಡ್ಡೆ ಉಪ್ಪುನೀರನ್ನು ಹೀರುತ್ತದೆಯೇ ಹೊರತು ನೀರಿನಿಂದ ಉಪ್ಪನ್ನು ಮಾತ್ರ ಆರಿಸಿಕೊಳ್ಳುವುದಿಲ್ಲ. ನೀರು ಬೆರೆಸುವುದೊಂದೇ ಉಪಾಯ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಮಾತಾಡಲು ಅಪ್ಪಣೆ ಕೊಡಿ. ಇಪ್ಪತ್ತರ ಹರೆಯದವರಿಗೆ ನಿಮ್ಮ ಆಸಕ್ತಿ ಯಾವುದೆಂದು ಕಂಡುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ, ಅದು ಎಲ್ಲೋ ಬಿದ್ದಿರುವ ಬೀಗದ ಕೈ ಎಂಬಂತೆ. ನನ್ನ ಅನುಭವದಲ್ಲಿ ಅದು ಹಾಗೆ ಬಿದ್ದಿರಲಿಲ್ಲ. ಅಭಿರುಚಿ ಎಂಬ ಮಾತಿನೊಳಗೇ ರುಚಿ ಕೂತಿದೆ, ಮತ್ತು ರುಚಿಯಂತೆಯೇ ಅದೂ ಹತ್ತಬೇಕು. ಆ ಈರುಳ್ಳಿಯ ಭಾನುವಾರದ ನಂತರ ನಾನು ಹೊಸಹೊಸ ತಿಂಡಿಗಳ ಬೆನ್ನು ಹತ್ತಲಿಲ್ಲ. ಈರುಳ್ಳಿ, ಟೊಮೇಟೊ, ಒಣ ಕಾಳು, ಅನ್ನ, ಇಷ್ಟನ್ನೇ ವಾರಕ್ಕೆ ಮೂರು ನಾಲ್ಕು ಸಲ, ಹೆಚ್ಚುಕಡಿಮೆ ಅರ್ಧ ವರ್ಷ ಮಾಡಿದೆ. ಪ್ರತಿ ಸಲವೂ ಒಂದೇ ಒಂದನ್ನು ಬದಲಾಯಿಸುತ್ತಿದ್ದೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಚೆನ್ನಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಈ ಹುಚ್ಚಾಟ ಆ ವಯಸ್ಸಿನಲ್ಲಿ ಸಾಧ್ಯವಾದದ್ದಕ್ಕೆ ಒಂದು ಕಾರಣವುಂಟು. ಮಕ್ಕಳಾಗಿದ್ದಾಗ ಅಡುಗೆಮನೆ ಬೇರೆಯವರ ರಾಜ್ಯ, ನಾವು ಅಲ್ಲಿ ಉಣ್ಣುವವರು ಮಾತ್ರ. ಮುಂದೆ ಸಂಸಾರ ಬೆಳೆದ ಮೇಲೆ ಹೊತ್ತುಹೊತ್ತಿಗೆ ನಾಲ್ಕು ತಟ್ಟೆ ತುಂಬಿಸುವ ಹೊಣೆ, ಸೋಲಲು ಪುರಸೊತ್ತಿಲ್ಲ. ಇವೆರಡರ ನಡುವೆ ಮಾಡಿದವರೂ ಉಣ್ಣುವವರೂ ಒಬ್ಬರೇ ಆಗಿರುವ ಕೆಲವು ವರ್ಷಗಳು ಸಿಗುತ್ತವೆ. ಕೆಟ್ಟರೆ ನಾವೇ ತಿನ್ನಬೇಕು, ಮುಖ ಸಿಂಡರಿಸುವವರು ಎದುರಿಗಿಲ್ಲ. ಆ ಏಕಾಂತವನ್ನು ಹಲವರು ಬೇಸರವೆಂದು ಕಳೆದುಬಿಡುತ್ತಾರೆ. ನಾನೂ ಮೂರು ತಿಂಗಳು ಕಳೆದೆ.

ಒಣ ಕಾಳಿನ ಪ್ರಸಂಗಕ್ಕೆ ಬರುತ್ತೇನೆ. ಒಂದು ರಾತ್ರಿ ನೆನೆಸಿದ ಕಾಳನ್ನೂ ಟೊಮೇಟೊವನ್ನೂ ಒಟ್ಟಿಗೇ ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟೆ. ಎರಡು ಗಂಟೆ ಕಳೆದರೂ ಕಾಳು ಕಲ್ಲಿನಂತೆಯೇ ಇತ್ತು. ಕಾಳು ಹಳೆಯದೆಂದು ಅಂಗಡಿಯವರನ್ನು ಮನಸ್ಸಿನಲ್ಲೇ ಬಯ್ದುಕೊಂಡೆ. ಮರುವಾರ ಅದೇ ಚೀಲದ ಕಾಳನ್ನು ಬರಿಯ ನೀರಿನಲ್ಲಿ ಬೇಯಿಸಿದಾಗ ಮುಕ್ಕಾಲು ಗಂಟೆಯಲ್ಲಿ ಬೆರಳಲ್ಲಿ ಹಿಸುಕುವಷ್ಟು ಮೆತ್ತಗಾಯಿತು. ಸಸ್ಯದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಹುಳಿಯಲ್ಲಿ ಬೇಗ ಕರಗುವುದಿಲ್ಲ. ಆದ್ದರಿಂದ ಟೊಮೇಟೊ, ನಿಂಬೆ, ಹುಣಸೆ, ವಿನೆಗರ್, ಯಾವ ಹುಳಿಯಾದರೂ ಕಾಳು ಬೆಂದ ಮೇಲೆಯೇ ಬರಬೇಕು. ಅದೇ ಗುಣವನ್ನು ತಿರುಗಿಸಿ ಉಪಯೋಗಿಸಲೂಬಹುದು: ಆಲೂಗೆಡ್ಡೆಯ ಹೋಳು ಮುರಿಯದೆ ಉಳಿಯಬೇಕಾದರೆ ನೀರಿಗೆ ಸ್ವಲ್ಪ ಹುಳಿ ಹಿಂಡಿ ಬೇಯಿಸಿ. ಕೆಂಪು ರಾಜ್ಮಾ ಕಾಳಿನ ವಿಷಯದಲ್ಲಿ ಮಾತ್ರ ಪ್ರಯೋಗ ಬೇಡ. ಅದರಲ್ಲಿರುವ ಒಂದು ವಿಷಾಂಶ ಕನಿಷ್ಠ ಹತ್ತು ನಿಮಿಷ ಚೆನ್ನಾಗಿ ಕುದಿದರೆ ಮಾತ್ರ ಹೋಗುತ್ತದೆ. ಕುದಿಯದ ಮಂದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಅದು ಉಳಿಯುತ್ತದೆ, ಅರೆಬೆಂದ ಕೆಲವೇ ಕಾಳುಗಳು ಹೊಟ್ಟೆಯನ್ನು ಬುಡಮೇಲು ಮಾಡಬಲ್ಲವು.

ಹೊಟ್ಟೆಯ ಮಾತು ಬಂದದ್ದರಿಂದ ನನಗೆ ನಾನೇ ತಂದುಕೊಂಡ ಒಂದು ಕಷ್ಟವನ್ನೂ ಹೇಳಿಬಿಡುತ್ತೇನೆ. ರಾತ್ರಿ ಉಳಿದ ಅನ್ನವನ್ನು ಒಲೆಯ ಮೇಲೆಯೇ ಬಿಟ್ಟು, ಮರುದಿನ ಮಧ್ಯಾಹ್ನ ಚೆನ್ನಾಗಿ ಬಿಸಿ ಮಾಡಿ ತಿಂದೆ; ಸಂಜೆಯವರೆಗೆ ವಾಂತಿ ನಿಲ್ಲಲಿಲ್ಲ. ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೇಯುವ ಬಿಸಿಯನ್ನೂ ತಡೆದುಕೊಂಡು ಉಳಿಯುತ್ತವೆ, ಬೆಚ್ಚಗಿನ ಅನ್ನದಲ್ಲಿ ಮೊಳೆತು ಬೆಳೆಯುತ್ತವೆ, ಅವು ಉಂಟುಮಾಡುವ ವಿಷ ಮತ್ತೆ ಕಾಯಿಸಿದರೂ ಅಳಿಯುವುದಿಲ್ಲ. ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

ಏಕೆ ಎಂದು ಕೇಳುವ ಚಟ ಹತ್ತಿದ ಮೇಲೆ ದೊಡ್ಡವರ ಮಾತನ್ನೂ ಪರೀಕ್ಷಿಸುವ ಧೈರ್ಯ ಬರುತ್ತದೆ. ಮಾಂಸವನ್ನು ಮೊದಲು ಜೋರು ಉರಿಯಲ್ಲಿ ಸುಟ್ಟರೆ ಹೊರಪದರ ಮುಚ್ಚಿಕೊಂಡು ರಸ ಒಳಗೇ ಉಳಿಯುತ್ತದೆ ಎಂಬ ನಂಬಿಕೆಯನ್ನು 19ನೆಯ ಶತಮಾನದಲ್ಲಿ ಹರಡಿದವರು ಯೂಸ್ಟುಸ್ ಫಾನ್ ಲೀಬಿಗ್, ಆ ಕಾಲದ ಅತಿ ದೊಡ್ಡ ರಸಾಯನಶಾಸ್ತ್ರಜ್ಞರಲ್ಲಿ ಒಬ್ಬರು. ಅದು ತಪ್ಪು. ಬಾಣಲೆಗೆ ಹಾಕಿದ ತುಂಡು ಕೊನೆಯವರೆಗೂ ಸಿಡಿಯುತ್ತಲೇ ಇರುತ್ತದಲ್ಲ, ಆ ಸಿಡಿತವೇ ರಸ ಹೊರಗೆ ಬರುತ್ತಿರುವುದಕ್ಕೆ ಸಾಕ್ಷಿ. ಜೋರು ಉರಿಯಿಂದ ಬರುವುದು ಮೇಯಾರ್ ವಿವರಿಸಿದ ಬಣ್ಣ ಮತ್ತು ಪರಿಮಳ, ಅಷ್ಟೇ. ಕೇಳುವ ಕಿವಿ ಲೀಬಿಗ್‌ರಿಗೆ ಇರಲಿಲ್ಲವೆಂದು ಹೇಳುವಷ್ಟು ದುರಹಂಕಾರ ನನಗಿಲ್ಲ, ಆದರೂ ಆ ಸಂಗತಿ ತಿಳಿದ ದಿನ ನನ್ನ ಬಾಣಲೆಯ ಬಗ್ಗೆ ನನಗೆ ಸ್ವಲ್ಪ ಗೌರವ ಹೆಚ್ಚಾಯಿತು. 1969ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಭೌತವಿಜ್ಞಾನಿ ನಿಕೊಲಾಸ್ ಕುರ್ಟಿ ಅಡುಗೆಮನೆಯ ಭೌತಶಾಸ್ತ್ರವನ್ನೇ ಉಪನ್ಯಾಸದ ವಿಷಯವಾಗಿ ಮಾಡಿಕೊಂಡು, ಶುಕ್ರಗ್ರಹದ ವಾತಾವರಣದ ಉಷ್ಣತೆಯನ್ನು ಅಳೆಯಬಲ್ಲ ನಮಗೆ ಒಲೆಯೊಳಗಿನ ತಿನಿಸಿನಲ್ಲಿ ಏನಾಗುತ್ತಿದೆಯೆಂಬುದು ಗೊತ್ತಿಲ್ಲವಲ್ಲ ಎಂದು ಮರುಗಿದ್ದರು. ಅತಿಶೀತ ಉಷ್ಣತೆಗಳ ಸಂಶೋಧನೆಯಲ್ಲಿ ಹೆಸರು ಮಾಡಿದವರು ಬಿಸಿ ತಿನಿಸಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡರೆಂಬುದು ನನಗೆ ಇಂದಿಗೂ ಖುಷಿ ಕೊಡುತ್ತದೆ.

ಉಪಕರಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಹೊಸ ಹವ್ಯಾಸದ ಹೆಸರಿನಲ್ಲಿ ಪಾತ್ರೆ ಕೊಂಡು ರಾಶಿ ಹಾಕುವವರನ್ನು ಬಹಳ ನೋಡಿದ್ದೇನೆ. ಮೊದಲು ಚಾಕುವನ್ನು ಮಸೆಯಿರಿ. ಮೊಂಡು ಚಾಕು ಜಾರಿ ಬೆರಳಿಗೆ ಬರುತ್ತದೆ, ಹರಿತವಾದದ್ದು ನೀವು ಇಟ್ಟಲ್ಲಿ ಇಳಿಯುತ್ತದೆ. ಈರುಳ್ಳಿಯ ಕೋಶಗಳು ಜಜ್ಜಿಹೋಗುವುದು ಕಡಿಮೆಯಾದ್ದರಿಂದ ಕಣ್ಣೀರೂ ಕಡಿಮೆ. ಬಾಣಲೆ ಎಷ್ಟು ಕಾದಿದೆಯೆಂದು ತಿಳಿಯಲು, ಎಣ್ಣೆ ಹಾಕುವುದಕ್ಕಿಂತ ಮುಂಚೆ ಒಂದು ಹನಿ ನೀರು ಚಿಮುಕಿಸಿ. ಹನಿ ಚುಂಯ್ ಎಂದು ಆರಿದರೆ ಇನ್ನೂ ಸಾಲದು, ಮಣಿಯಂತೆ ಉರುಳಾಡಿದರೆ ಬಾಣಲೆ ಬಹಳ ಕಾದಿದೆ. ತನ್ನದೇ ಆವಿಯ ಮೇಲೆ ಹನಿ ತೇಲುವ ಈ ವಿಸ್ಮಯವನ್ನು ಯೋಹಾನ್ ಗಾಟ್ಲೋಬ್ ಲೈಡೆನ್‌ಫ್ರಾಸ್ಟ್ 1756ರಲ್ಲಿಯೇ ಬರೆದಿಟ್ಟಿದ್ದಾರೆ. ಹೊಸಬರು ಹೆದರುವ ಪ್ರೆಷರ್ ಕುಕ್ಕರ್ ಅದಕ್ಕಿಂತಲೂ ಹಳೆಯದು: ಡೆನಿ ಪಾಪೆನ್ ಅದರ ಮೂಲರೂಪವನ್ನು ಮಾಡಿದ್ದು 1679ರಲ್ಲಿ. ಒತ್ತಡದಲ್ಲಿ ನೀರು 120 ಡಿಗ್ರಿಯವರೆಗೂ ಏರುವುದರಿಂದ ಕಾಳು ಬೇಗ ಬೇಯುತ್ತದೆ. ಆದರೆ ಮುಚ್ಚಳ ತೆಗೆಯುವವರೆಗೆ ಒಳಗಿನ ಹದ ಕಾಣದು. ಆದ್ದರಿಂದ ಮೊದಲ ಕೆಲವು ತಿಂಗಳು ತೆರೆದ ಪಾತ್ರೆಯಲ್ಲಿ ಬೇಯಿಸಿ ನೋಡಿ ಎಂಬುದು ನನ್ನ ಸಲಹೆ.

ಕೊನೆಯದಾಗಿ ಬೇರೆಯವರಿಗೆ ನಾನು ಮೊದಲ ಸಲ ಅಡುಗೆ ಮಾಡಿದ ದಿನದ ಮಾತು. ನಾಲ್ವರು ಗೆಳೆಯರನ್ನು ರಾತ್ರಿ ಎಂಟಕ್ಕೆ ಕರೆದಿದ್ದೆ. ಒಬ್ಬರಿಗೆ ಮೂರು ಈರುಳ್ಳಿಯಾದರೆ ಐವರಿಗೆ ಹದಿನೈದು ಎಂದು ಲೆಕ್ಕ ಹಾಕಿ, ಎಲ್ಲವನ್ನೂ ಅದೇ ಬಾಣಲೆಗೆ ಸುರಿದೆ. ಈರುಳ್ಳಿ ಐದು ಪಟ್ಟಾಗಿತ್ತು, ನೀರು ಐದು ಪಟ್ಟಾಗಿತ್ತು. ಬಾಣಲೆಯ ಅಗಲವೂ ಒಲೆಯ ಉರಿಯೂ ಮೊದಲಿನಷ್ಟೇ ಇದ್ದವು. ಮೇಲಿನ ಹೋಳುಗಳು ಕೆಳಗಿನವುಗಳ ಆವಿಯಲ್ಲಿ ಬೇಯುತ್ತ ಕೂತವು. ಎಂಟೂವರೆಗೆ ಅವು ಇನ್ನೂ ಬಿಳಿಚಿಕೊಂಡಿದ್ದವು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಬಂದು ಆ ಪುಟ್ಟ ಅಡುಗೆಮನೆಯಲ್ಲಿ ಒತ್ತಿಕೊಂಡು ನಿಂತರು. ಒಬ್ಬಳು ಸೌಟನ್ನು ಕೈಗೆ ತೆಗೆದುಕೊಂಡು ಕೈಯಾಡಿಸತೊಡಗಿದಳು, ನಾನು ಅವರ ಕಡೆಗೆ ಬೆನ್ನು ಮಾಡಿ ಟೊಮೇಟೊ ಹೆಚ್ಚುತ್ತಿದ್ದೆ. “ಸಾಕಲ್ಲವೇನೋ, ಟೊಮೇಟೊ ಹಾಕಿಬಿಡೋಣ,” ಎಂದಳು. “ಇಲ್ಲ, ಇನ್ನೂ ನೀರಿದೆ,” ಎಂದೆ, ತಿರುಗದೆ. ಅವಳು ಬಾಣಲೆಯನ್ನು ವಾಲಿಸಿ ನೋಡಿದಳು. “ಬೆನ್ನಿಗೂ ಕಣ್ಣಿದೆಯೇನು ನಿನಗೆ?” ಎಂದಳು. ಸದ್ದು ಇಳಿಯಲು ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು. ನಾವು ತಟ್ಟೆಯ ಮುಂದೆ ಕೂತಾಗ ಹತ್ತು ಗಂಟೆ ಆಗಿತ್ತು.